ಸವೆತ ಬೇರೆ, ಹುಟ್ಟುದೋಷ ಬೇರೆ



ಇದುವರೆಗೆ ಈ ಪುಟದಲ್ಲಿ ಹೆಚ್ಚಾಗಿ ಹಳೆಯ ದಿನಗಳ ನೆನಪುಗಳನ್ನೇ ಬರೆಯುತ್ತಾ ಬಂದಿದ್ದೇನೆ. ಈ ಬಾರಿ ನೆನಪು ಬೇಡ, ಜಗಳ ಬೇಕು ಎನಿಸಿದೆ. ಜಗಳ ಯಾವ ವ್ಯಕ್ತಿಯೊಡನೆಯೂ ಅಲ್ಲ, ಒಂದು ಸಂಖ್ಯೆಯೊಡನೆ. ಆ ಸಂಖ್ಯೆ 7. ಕಾರಿನ ತಯಾರಿಕೆಯಲ್ಲೇ ಪ್ರಾಣಾಪಾಯದ ದೋಷವೊಂದು ಉಳಿದುಬಿಟ್ಟಿದ್ದರೆ ಆ ಕಾರುಗಳನ್ನೆಲ್ಲ ಕರೆಸಿ ಸರಿಪಡಿಸಿಕೊಡಬೇಕೆಂದು ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ನಮ್ಮ ಸರ್ಕಾರಕ್ಕಿದೆ. ಆದರೆ ಕಾರು ತಯಾರಾಗಿ ಏಳು ವರ್ಷ ಕಳೆದಿದ್ದರೆ ಆ ನಿಯಮ ಅದರ ಕಡೆಗೆ ತಿರುಗಿಯೂ ನೋಡುವುದಿಲ್ಲ. ಏಳು ವರ್ಷ ಕಳೆದ ಕಾರುಗಳಲ್ಲಿ ಓಡಾಡುವವರು ಯಾರು? ನಾವೇ.

ಕ್ಯಾಸಂಬಳ್ಳಿಯ ಬಸ್ ನಿಲ್ದಾಣದ ಬಳಿ ಅರ್ಧ ಗಂಟೆ ನಿಂತು ಎಣಿಸಿ ನೋಡಿ. ನಮ್ಮ ಕೆ.ಜಿ.ಎಫ್.ನ ಕೆಎ-08 ಸಂಖ್ಯೆಯ ಗಾಡಿಗಳ ನಡುವೆ ಬೆಂಗಳೂರಿನ ಕೆಎ-03, ಕೆಎ-53 ಸಂಖ್ಯೆಯವೂ ಸಾಲುಗಟ್ಟಿ ಹೋಗುತ್ತವೆ. ಇವು ಬೆಂಗಳೂರಿನ ಮೊದಲ ಒಡೆಯರು ಕೆಲವು ವರ್ಷ ಓಡಿಸಿ, ಹೊಸದು ಕೊಳ್ಳುವಾಗ ಕಳಚಿಕೊಂಡ ಕಾರುಗಳು. ಟೊಮೇಟೊಗೆ ಒಂದು ವರ್ಷ ಬೆಲೆ ಬಂದಾಗ, ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ, ಬೆಮೆಲ್‌ನಿಂದ ನಿವೃತ್ತಿಯ ಹಣ ಕೈಗೆ ಬಂದಾಗ ನಮ್ಮವರು ಕೊಳ್ಳುವುದು ಇಂಥ ಕಾರನ್ನು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ರಾತ್ರಿ ಹೊತ್ತಿನಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ ಕೋಲಾರದ ಆಸ್ಪತ್ರೆಗೆ ಕರೆದೊಯ್ಯುವುದು ಇಂಥದೇ ಒಂದು ಕಾರು. ಆದ್ದರಿಂದಲೇ ಅದರ ಸುರಕ್ಷತೆಯ ಪ್ರಶ್ನೆ ಶ್ರೀಮಂತರ ಚಪಲದ ಪ್ರಶ್ನೆಯಲ್ಲ, ನಮ್ಮ ಮನೆಯ ಪ್ರಶ್ನೆ.

ಮೊದಲು ಒಂದು ಪದವನ್ನು ಬಿಡಿಸೋಣ. ಇಂಗ್ಲಿಷಿನಲ್ಲಿ 'ರೀಕಾಲ್' ಎನ್ನುವುದನ್ನು ನಮ್ಮ ಪತ್ರಿಕೆಗಳು 'ಕಾರುಗಳನ್ನು ವಾಪಸ್ ಪಡೆದ ಕಂಪನಿ' ಎಂದು ಬರೆಯುತ್ತವೆ. ಓದಿದವರು ಕಂಪನಿಯವರು ಬಂದು ಗಾಡಿಯನ್ನೇ ಕಿತ್ತುಕೊಂಡು ಹೋಗುತ್ತಾರೆಂದು ಹೆದರುತ್ತಾರೆ. ಹಾಗೇನೂ ಇಲ್ಲ. ದೋಷವಿರುವ ಭಾಗವನ್ನು ಕಂಪನಿ ತನ್ನ ಖರ್ಚಿನಲ್ಲಿ ಪರೀಕ್ಷಿಸಿ, ಬೇಕಾದರೆ ಬದಲಿಸಿ, ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಗಾಡಿಯನ್ನು ಮರಳಿ ಕೊಡುತ್ತದೆ. ಒಡೆಯನ ಕೈಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಕಾರನ್ನು ಮೊದಲು ಕೊಂಡವರೇ ತರಬೇಕೆಂಬ ನಿಯಮವೂ ಇಲ್ಲ. ದೋಷ ಇರುವುದು ಕಾರಿನಲ್ಲಿ, ಕೊಂಡವನ ಹೆಸರಿನಲ್ಲಲ್ಲ.

ಒಂದು ನಿಜವಾದ ಮಾದರಿಯನ್ನೇ ತೆಗೆದುಕೊಳ್ಳೋಣ. 2010ರಲ್ಲಿ ಫೋರ್ಡ್ ಕಂಪನಿ ಚೆನ್ನೈ ಬಳಿಯ ಮರೈಮಲೈನಗರದ ಕಾರ್ಖಾನೆಯಿಂದ ಫಿಗೋ ಎಂಬ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಹಳೆಯ ಕಾರುಗಳ ಪೇಟೆಯಲ್ಲಿ ಅದು ಇಂದಿಗೂ ಚೆನ್ನಾಗಿ ಕೈ ಬದಲಾಗುವ ಗಾಡಿ. 2012ರಲ್ಲಿ ಕಂಪನಿ ಫಿಗೋ ಮತ್ತು ಕ್ಲಾಸಿಕ್ ಮಾದರಿಯ ಸುಮಾರು 1.28 ಲಕ್ಷ ಕಾರುಗಳನ್ನು ಪರೀಕ್ಷೆಗೆ ಕರೆಯಿತು. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಉಕ್ಕಿನ ತೊಲೆ ಮತ್ತು ಪವರ್ ಸ್ಟಿಯರಿಂಗ್‌ಗೆ ಒತ್ತಡದಲ್ಲಿ ಎಣ್ಣೆ ಒಯ್ಯುವ ಕೊಳವೆ, ಇವೆರಡರ ಬಗ್ಗೆ ಸಂಶಯವಿತ್ತು. 2013ರಲ್ಲಿ ಅವೇ ಭಾಗಗಳಿಗಾಗಿ ಮತ್ತೆ ಸುಮಾರು 1.66 ಲಕ್ಷ ಕಾರುಗಳಿಗೆ ಕರೆ ಹೋಯಿತು. 2017ರಲ್ಲಿ ಮೂರನೆಯ ಬಾರಿ, ಅದೇ ಸ್ಟಿಯರಿಂಗ್ ಕೊಳವೆಗಾಗಿ, 2004ರಿಂದ 2012ರವರೆಗೆ ತಯಾರಾದ ಸುಮಾರು 39 ಸಾವಿರ ಕಾರುಗಳಿಗೆ ಕರೆ ಹೋಯಿತು.

ಇದನ್ನು ಬರೆಯುವುದು ಆ ಕಂಪನಿಯನ್ನು ಹಳಿಯುವುದಕ್ಕಲ್ಲ. ದೋಷವನ್ನು ತಾನೇ ಹೇಳಿಕೊಂಡು ಮೂರು ಬಾರಿ ಕರೆದದ್ದು ಮೆಚ್ಚತಕ್ಕ ಕೆಲಸವೇ. ನನ್ನ ಪ್ರಶ್ನೆ ಬೇರೆ. 2017ರ ವೇಳೆಗೆ 2004ರ ಕಾರಿಗೆ ಹದಿಮೂರು ವರ್ಷವಾಗಿತ್ತು. ಅಷ್ಟರಲ್ಲಿ ಅದು ಎಷ್ಟು ಕೈ ಬದಲಾಗಿರಬಹುದು? ಕಂಪನಿಯ ದಫ್ತರದಲ್ಲಿರುವುದು ಷೋರೂಮಿನಲ್ಲಿ ಮೊದಲು ಕೊಂಡವನ ವಿಳಾಸ. ಕಾರು ಮಾತ್ರ ಕೋಲಾರ, ಮುಳಬಾಗಿಲು, ಕುಪ್ಪಂ ಕಡೆಯ ಯಾವುದೋ ಹಳ್ಳಿಯಲ್ಲಿ ಇದ್ದೀತು. ಬೆಂಗಳೂರಿನ ಬಾಗಿಲಿಗೆ ಬಂದ ಕಾಗದ ಕುಪ್ಪಂನ ಕಾರನ್ನು ಸರಿಪಡಿಸುತ್ತದೆಯೇ?

ಇದು ಕೇವಲ ಊಹೆಯಲ್ಲ. ನನ್ನ ತಂಗಿಯ ಮಗ ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಒಂದು ಹಳೆಯ ಕಾರನ್ನು ತಂದ. ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ದಿನ ಬೇತಮಂಗಲದ ಹಾದಿಯಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ಮನೆಯವರೆಲ್ಲ ಇಳಿದು ದೂರ ನಿಂತರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಸರ್ವೀಸ್ ಕೇಂದ್ರಕ್ಕೆ ಎಳೆಸಿಕೊಂಡು ಹೋದಾಗ ಅಲ್ಲಿನ ಹುಡುಗ ಕಂಪ್ಯೂಟರಿನಲ್ಲಿ ಚಾಸಿ ಸಂಖ್ಯೆ ಹೊಡೆದು, "ಸಾರ್, ಇದಕ್ಕೆ ಯಾವತ್ತೋ ರೀಕಾಲ್ ಬಂದಿದೆಯಲ್ಲ, ನೀವು ತರಲೇ ಇಲ್ಲ" ಎಂದನಂತೆ. ಕಾಗದ ಹೋದದ್ದು ಮೊದಲ ಒಡೆಯನಿಗೆ. ಆತ ಅಷ್ಟರಲ್ಲೇ ಗಾಡಿ ಮಾರಿದ್ದ. ನಡುವೆ ಮಾರಿಸಿದ ದಲ್ಲಾಳಿಗೆ ಅದು ಗೊತ್ತಿತ್ತೋ ಇಲ್ಲವೋ, ಅವನು ಬಾಯಿ ಬಿಡಲಿಲ್ಲ. "ಮಾವ, ಆರ್.ಸಿ. ನನ್ನ ಹೆಸರಿಗೆ ಆಗಿ ಎರಡು ವರ್ಷ ಆಯ್ತು. ಸರ್ಕಾರಕ್ಕೆ ನನ್ನ ವಿಳಾಸ ಗೊತ್ತು, ಟ್ಯಾಕ್ಸು ಇನ್ಶೂರೆನ್ಸು ಎಲ್ಲಕ್ಕೂ ಮೆಸೇಜ್ ಬರ್ತದೆ. ಇದೊಂದಕ್ಕೆ ಮಾತ್ರ ಯಾಕೆ ಬರಲಿಲ್ಲ?" ಎಂದು ಅವನು ಕೇಳಿದ. ಈ ಲೇಖನ ಆ ಪ್ರಶ್ನೆಯ ಮುಂದುವರಿಕೆ ಅಷ್ಟೆ.

ಈಗ ಕಾನೂನನ್ನು ನೋಡೋಣ. 2012ರವರೆಗೆ ನಮ್ಮಲ್ಲಿ ಈ ವಿಷಯಕ್ಕೆ ಯಾವ ಸಾಮಾನ್ಯ ಕಟ್ಟುಪಾಡೂ ಇರಲಿಲ್ಲ. 2010ರ ಫೆಬ್ರವರಿಯಲ್ಲಿ ಮಾರುತಿ ಕಂಪನಿ ಇಂಧನ ಸೋರಿಕೆಯ ಸಂಶಯದಿಂದ ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ತಾನಾಗಿ ಕರೆಯಿತು. ಅದೇ ವರ್ಷ ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಹೊತ್ತಿಕೊಂಡಾಗ ಟಾಟಾ ಕಂಪನಿ ನವೆಂಬರಿನಲ್ಲಿ, ಆಗ ಮಾರಾಟವಾಗಿದ್ದ ಸುಮಾರು 70 ಸಾವಿರ ಕಾರುಗಳಿಗೂ ಉಚಿತವಾಗಿ ಹೆಚ್ಚುವರಿ ಸುರಕ್ಷಾ ಸಾಧನ ಅಳವಡಿಸುವುದಾಗಿ ಹೇಳಿತು. ಆದರೆ ಇದು ರೀಕಾಲ್ ಅಲ್ಲ ಎಂದೂ ಸೇರಿಸಿತು. ಪದವನ್ನು ತಪ್ಪಿಸುವ ಈ ಚಾಳಿ ಸಣ್ಣದಲ್ಲ. 'ಉಚಿತ ಸೌಲಭ್ಯ' ಎಂದರೆ ಜನ ಬಿಡುವಿದ್ದಾಗ ನೋಡೋಣ ಎನ್ನುತ್ತಾರೆ. 'ಅಪಾಯ' ಎಂದರೆ ಅಂದೇ ಓಡುತ್ತಾರೆ. 2012ರ ಜುಲೈನಲ್ಲಿ ಸಿಯಾಮ್ ಎಂಬ ವಾಹನ ತಯಾರಕರ ಸಂಘವು ಸ್ವಯಂಪ್ರೇರಿತ ಸಂಹಿತೆಯೊಂದನ್ನು ತಂದಿತು. ಏಳು ವರ್ಷದ ಗಡಿ ಹುಟ್ಟಿದ್ದು ಅಲ್ಲಿ, ತಯಾರಕರ ಮೇಜಿನ ಮೇಲೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110-ಎ ಎಂಬ ಕಲಂ ಸೇರಿತು. ಕಾರಿನಲ್ಲಿ ಕುಳಿತವರಿಗೆ, ರಸ್ತೆಯ ಮೇಲಿನ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ಮಾಡುವ ದೋಷವಿದ್ದರೆ ಕೇಂದ್ರ ಸರ್ಕಾರ ರೀಕಾಲ್‌ಗೆ ಆಜ್ಞೆ ಮಾಡಬಹುದು. ಕಂಪನಿ ಹಣ ಹಿಂದಿರುಗಿಸಬೇಕು, ಇಲ್ಲವೇ ಬೇರೆ ಗಾಡಿ ಕೊಡಬೇಕು, ಇಲ್ಲವೇ ಸರಿಪಡಿಸಬೇಕು. ಒಳ್ಳೆಯ ಕಲಂ, ಅದನ್ನು ತಂದವರಿಗೆ ಕೈಮುಗಿಯುತ್ತೇನೆ. ಆದರೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಸಂಘದ ಸಂಹಿತೆಯ ಅದೇ ಏಳು ವರ್ಷ ಬಂದು ಕುಳಿತಿತು. ಜೊತೆಗೆ ದೂರುಗಳ ಲೆಕ್ಕವೂ ಬಂದಿತು: ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಮಾರಾಟವಾಗುವ ಕಾರಾದರೆ 1,250 ಒಡೆಯರ ದೂರು ಬರಬೇಕು.

ಗಣಿತದ ಮೇಷ್ಟ್ರಾಗಿದ್ದವನು ನಾನು. ಒಂದು ಕಳೆಯುವ ಲೆಕ್ಕ ಮಾಡಲು ಬಿಡಿ. ಖಾಸಗಿ ಕಾರಿಗೆ ಸರ್ಕಾರವೇ ಕೊಡುವ ನೋಂದಣಿ 15 ವರ್ಷದ್ದು. ಆಮೇಲೆ ಪರೀಕ್ಷಿಸಿ ಐದೈದು ವರ್ಷ ಮುಂದುವರಿಸುತ್ತಾರೆ. ಹದಿನೈದರಲ್ಲಿ ಏಳು ಕಳೆದರೆ ಎಂಟು. ಈ ಎಂಟು ವರ್ಷ ಕಾರು ರಸ್ತೆಯಲ್ಲಿ ಓಡಬಹುದು, ತೆರಿಗೆ ಕಟ್ಟಿರಬೇಕು, ವಿಮೆ ಇರಬೇಕು, ಹೊಗೆ ಪರೀಕ್ಷೆಯ ಚೀಟಿ ಇರಬೇಕು. ಆದರೆ ತಯಾರಕನ ತಪ್ಪನ್ನು ತಿದ್ದಿಸುವ ಕಡ್ಡಾಯ ಮಾತ್ರ ಇಲ್ಲ. ಒಡೆಯನ ಕರ್ತವ್ಯಗಳಿಗೆ ಹದಿನೈದು ವರ್ಷ, ತಯಾರಕನ ಕರ್ತವ್ಯಕ್ಕೆ ಏಳು ವರ್ಷ. ಇದು ಯಾವ ನ್ಯಾಯದ ತಕ್ಕಡಿ?

"ಹಳೆಯ ಗಾಡಿ ಕೊಂಡವನು ಅದರ ಕಷ್ಟಗಳನ್ನು ಒಪ್ಪಿಯೇ ಕೊಂಡಿರುತ್ತಾನಲ್ಲವೇ?" ಎಂದು ಕೆಲವರು ಕೇಳಬಹುದು. ಅರ್ಧ ಸರಿ. ಟೈರು ಸವೆಯುತ್ತದೆ, ಬ್ರೇಕು ಸವೆಯುತ್ತದೆ, ಬ್ಯಾಟರಿ ಸಾಯುತ್ತದೆ. ಇವು ಸವೆತ, ಇವುಗಳ ಹೊಣೆ ಕೊಂಡವನದೇ. ಬೆಲೆ ಕಡಿಮೆಯಾಗಿರುವುದೂ ಅದಕ್ಕಾಗಿಯೇ. ಆದರೆ ಕಾರ್ಖಾನೆಯಿಂದ ಹೊರಬಿದ್ದ ದಿನವೇ ಒಳಗೆ ಕುಳಿತಿದ್ದ ತಪ್ಪು ಸವೆತವಲ್ಲ, ಹುಟ್ಟುದೋಷ. ಅದನ್ನು ಕೊಂಡವನು ಮಾಡಲಿಲ್ಲ, ಕಾಣಲಾರ, ಮೆಕ್ಯಾನಿಕ್ಕಿಗೆ ತೋರಿಸಿದರೂ ಗೊತ್ತಾಗದು. ಕಾಣದ್ದನ್ನು ಒಪ್ಪಿಕೊಂಡ ಎನ್ನುವುದು ಮಾತಿನ ಚಮತ್ಕಾರವೇ ಹೊರತು ನ್ಯಾಯವಲ್ಲ.

ಇನ್ನೂ ದೊಡ್ಡ ಮಾತೆಂದರೆ, ಕೆಲವು ಹುಟ್ಟುದೋಷಗಳು ವಯಸ್ಸಾದಂತೆಯೇ ಅಪಾಯಕಾರಿಯಾಗುತ್ತವೆ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳ ಕಥೆ ಇದಕ್ಕೆ ಸಾಕ್ಷಿ. ಅಪಘಾತವಾದ ಕ್ಷಣದಲ್ಲಿ ಚೀಲ ಉಬ್ಬಿಸಲು ಅದರೊಳಗೆ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕವನ್ನು ಬಳಸಿದ್ದರು. ಸೆಕೆಯೂ ತೇವವೂ ಇರುವ ಕಡೆ ಅದು ವರ್ಷಗಟ್ಟಲೆ ನಿಧಾನವಾಗಿ ಕೆಡುತ್ತದೆ. ಕೆಟ್ಟ ಮೇಲೆ ಚೀಲ ಉಬ್ಬುವ ಬದಲು ಲೋಹದ ಡಬ್ಬಿಯೇ ಸಿಡಿದು ಅದರ ಚೂರುಗಳು ಚಾಲಕನ ಮೈಗೆ ನಾಟುತ್ತವೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ಬದಲಿಸಲು ಕರೆಯಬೇಕಾಯಿತು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಹೊಸ ಕಾರಿನಲ್ಲಿ ಸುಮ್ಮನಿದ್ದ ದೋಷ ಹಳೆಯ ಕಾರಿನಲ್ಲಿ ಕೊಲೆಗಾರನಾಯಿತು. ಭಾರತದಲ್ಲಿ ಹೋಂಡಾ ಕಂಪನಿ 2019ರಲ್ಲಿ 2003ರಿಂದ 2006ರವರೆಗಿನ 3,669 ಅಕಾರ್ಡ್ ಕಾರುಗಳನ್ನು ಇದಕ್ಕಾಗಿ ಕರೆಯಿತು. ಅವುಗಳ ವಯಸ್ಸು ಹದಿಮೂರರಿಂದ ಹದಿನಾರು! ನಮ್ಮ ನಿಯಮದ ಏಳು ವರ್ಷದ ಲೆಕ್ಕದಲ್ಲಿ ಅವು ಯಾವತ್ತೋ ಯಾರಿಗೂ ಬೇಡವಾದ ಗಾಡಿಗಳು.

ಇನ್ನೊಂದು ಉದಾಹರಣೆ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಗಾಡಿಯದು. ಮದುವೆಗೆ, ತಿರುಪತಿಗೆ ಎಂದು ಬಾಡಿಗೆಗೆ ಹಿಡಿಯುತ್ತಿದ್ದ ಟವೇರಾ. 2013ರ ಜುಲೈನಲ್ಲಿ ಜನರಲ್ ಮೋಟಾರ್ಸ್ ಕಂಪನಿ 2005ರಿಂದ 2013ರವರೆಗಿನ 1.14 ಲಕ್ಷ ಟವೇರಾಗಳನ್ನು ಹೊಗೆಯ ಮಿತಿಗೆ ಸಂಬಂಧಿಸಿದ ಲೋಪಕ್ಕಾಗಿ ಕರೆಯಿತು. ಪರೀಕ್ಷೆಯ ನಿಯಮಗಳನ್ನು ತನ್ನವರೇ ಉಲ್ಲಂಘಿಸಿದ್ದರೆಂದು ಒಪ್ಪಿಕೊಂಡಿತು. ತಪ್ಪು ಹೊರಬೀಳುವ ಹೊತ್ತಿಗೆ ಮೊದಲ ಗಾಡಿಗಳಿಗೆ ಎಂಟು ವರ್ಷವಾಗಿತ್ತು. ತಪ್ಪನ್ನು ಏಳು ವರ್ಷ ಮುಚ್ಚಿಟ್ಟವನಿಗೆ ಕಾನೂನೇ ಬಿಡುಗಡೆ ಕೊಡುವುದಾದರೆ, ಮುಚ್ಚಿಡುವುದಕ್ಕೆ ಬಹುಮಾನ ಕೊಟ್ಟಂತಾಗಲಿಲ್ಲವೇ?

ಆ ಕಂಪನಿ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಬಿಡಿಭಾಗ, ಸರ್ವೀಸುಗಳನ್ನು ಮುಂದುವರಿಸುವುದಾಗಿ ಎರಡೂ ಹೇಳಿದವು, ಸಂತೋಷ. ಆದರೆ ಅಂಗಡಿ ಮುಚ್ಚಿದವನ ಮಾತಿಗೆ ಕಾನೂನಿನ ಗಂಟು ಇರಬೇಕು; ಬರಿಯ ಸೌಜನ್ಯ ಸಾಲದು.

ಬೇರೆ ದೇಶಗಳಲ್ಲಿ ಏನಿದೆ? ಅಮೆರಿಕದಲ್ಲಿ ಉಚಿತ ದುರಸ್ತಿಯ ಅವಧಿ ಮೊದಲು ಹತ್ತು ವರ್ಷವಿತ್ತು; 2015ರ ಕಾನೂನಿನಿಂದ ಹದಿನೈದಾಯಿತು. 2014ರಿಂದ ಅಲ್ಲಿ ಯಾರು ಬೇಕಾದರೂ ಕಾರಿನ 17 ಅಕ್ಷರಗಳ ಗುರುತು ಸಂಖ್ಯೆಯನ್ನು ಸರ್ಕಾರಿ ತಾಣದಲ್ಲಿ ಹಾಕಿ ಬಾಕಿ ಇರುವ ರೀಕಾಲ್ ತಿಳಿಯಬಹುದು. ಜರ್ಮನಿಯಲ್ಲಿ ಸರ್ಕಾರದ ವಾಹನ ಕಚೇರಿಯೇ ಈಗಿನ ಒಡೆಯರ ವಿಳಾಸವನ್ನು ಒದಗಿಸುತ್ತದೆ. ಗಂಭೀರ ದೋಷದ ಕರೆಗೆ ಓಗೊಡದಿದ್ದರೆ ಕಾರನ್ನು ರಸ್ತೆಗಿಳಿಸದಂತೆ ತಡೆಯಲೂಬಹುದು. ಅಲ್ಲೆಲ್ಲ ಎಲ್ಲವೂ ಸರಿಯಾಗಿದೆ ಎಂದಲ್ಲ. ಬಾಕಿ ರೀಕಾಲ್ ಇರುವ ಕಾರನ್ನು ದೊಡ್ಡ ಕಂಪನಿಗಳು ಬಾಡಿಗೆಗೆ ಕೊಡಕೂಡದೆಂದು ಅಮೆರಿಕದಲ್ಲಿ ಕಾನೂನಾಯಿತು. ಆದರೆ ಹಳೆಯ ಕಾರಿನ ವ್ಯಾಪಾರಿಗೆ ಅಂಥ ಕೇಂದ್ರ ಕಾನೂನು ಅಲ್ಲಿಯೂ ಇಲ್ಲ. ಅವರ ತಪ್ಪನ್ನು ನಾವು ನಕಲು ಮಾಡಬೇಕಾಗಿಲ್ಲ, ಸರಿಯನ್ನು ಮಾಡೋಣ.

ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಚಿನ್ನದ ಗಣಿಗಳನ್ನು ನೆನೆಯಿರಿ. 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಕಾರ್ಮಿಕರು ಕೇಜಿನಲ್ಲಿ ಕುಳಿತು ಭೂಮಿಯೊಳಕ್ಕೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿತ್ತು. ಆ ಕೇಜನ್ನು ಇಳಿಸುವ ಉಕ್ಕಿನ ಹಗ್ಗವನ್ನು ಪ್ರತಿದಿನ ಪರೀಕ್ಷಿಸಬೇಕೆಂಬುದು ಗಣಿ ಕಾನೂನು. ಹಗ್ಗ ಹಳತಾಯಿತೆಂದು ಪರೀಕ್ಷೆ ಕೈಬಿಡುತ್ತಿರಲಿಲ್ಲ. ಹಳತಾದದ್ದೇ ಹೆಚ್ಚು ಗಮನಿಸಲು ಕಾರಣ. ಹಗ್ಗದ ಹೊಣೆ ಕೆಳಗಿಳಿಯುವ ಕಾರ್ಮಿಕನದಾಗಿರಲಿಲ್ಲ, ಗಣಿ ನಡೆಸುವವರದಾಗಿತ್ತು. ನೂರು ವರ್ಷ ಗಣಿಯ ಬದುಕು ಕಂಡ ನೆಲದ ಜನರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳೋಣ. ಹಳೆಯ ಕಾರಿಗೆ ಜನ ಹೊರಗಿನ ಗ್ಯಾಸ್ ಕಿಟ್ಟು, ಅಗ್ಗದ ವೈರಿಂಗು, ನಕಲಿ ಬಿಡಿಭಾಗ ಹಾಕಿಸಿರುತ್ತಾರೆ. ಅದರ ಬೆಂಕಿಗೂ ಕಂಪನಿಯೇ ಹೊಣೆಯೇ ಎನ್ನುತ್ತಾರೆ. ಖಂಡಿತ ಅಲ್ಲ. ರೀಕಾಲ್ ಎಂಬುದು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ತಯಾರಾದ ಇಂಥ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಆ ಭಾಗದ ಹೊಣೆ ಹೊರಲಿ, ಸಾಕು. ಖರ್ಚು ಹೆಚ್ಚಾಗಿ ಹೊಸ ಕಾರಿನ ಬೆಲೆ ಏರುತ್ತದೆ ಎನ್ನುತ್ತಾರೆ. ಸ್ವಲ್ಪ ಏರಬಹುದು. ಈಗ ಆ ಖರ್ಚು ಇಲ್ಲವೇ? ಇದೆ, ಅದನ್ನು ಆಸ್ಪತ್ರೆಯಲ್ಲಿ, ರಸ್ತೆಬದಿಯಲ್ಲಿ, ಮೂರನೆಯ ಕೈಯವನು ತೆರುತ್ತಿದ್ದಾನೆ.

ದೂರುಗಳ ಲೆಕ್ಕವೂ ಹೀಗೆಯೇ. ನಮ್ಮ ಹಳ್ಳಿಯವನು ದೂರು ಕೊಡುತ್ತಾನೆಯೇ? ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ಕಿನಲ್ಲಿ ಕೊಳವೆ ಬದಲಿಸಿ, 'ನಮ್ಮ ಹಣೆಬರಹ' ಎಂದು ಮನೆಗೆ ಬರುತ್ತಾನೆ. ಅವನ ದೂರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ತಾಣದಲ್ಲಿ ದೋಷದ ದೂರು ದಾಖಲಿಸುವ ವ್ಯವಸ್ಥೆ ಇದೆ ಎಂಬುದೇ ಅವನಿಗೆ ತಿಳಿಯದು. ತಿಳಿಸುವ ಹೊಣೆ ಯಾರದು?

ಆದ್ದರಿಂದ ನನ್ನ ಬೇಡಿಕೆಗಳು ನಾಲ್ಕೇ. ಒಂದು, ಏಳರ ಗಡಿ ತೆಗೆದು ನೋಂದಣಿಯ ಅವಧಿಯಷ್ಟೇ, ಅಂದರೆ ಹದಿನೈದು ವರ್ಷ, ತಯಾರಕನ ಹೊಣೆ ಇರಲಿ. ಎರಡು, ರೀಕಾಲ್ ಪ್ರಕಟವಾದೊಡನೆ ಸರ್ಕಾರ ತನ್ನ ದಾಖಲೆಯಲ್ಲಿರುವ ಈಗಿನ ಒಡೆಯನಿಗೆ, ಅವನ ಭಾಷೆಯಲ್ಲಿ, ಸಂದೇಶ ಕಳುಹಿಸಲಿ. ತೆರಿಗೆ ಕೇಳಲು ಗೊತ್ತಿರುವ ವಿಳಾಸ ಪ್ರಾಣ ಉಳಿಸಲು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಮೂರು, 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಬಾಕಿ ರೀಕಾಲ್ ಇದೆಯೇ ಇಲ್ಲವೇ ಎಂದು ಕೊಳ್ಳುವವನಿಗೆ ಬರೆದುಕೊಡುವುದನ್ನೂ ಅದರ ಷರತ್ತಾಗಿಸಲಿ. ನಾಲ್ಕು, ಯಾವ ಮಾದರಿಯ ಮೇಲೆ ಎಷ್ಟು ದೂರು ಬಂದಿದೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ.

ನಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲೇ ಹೊತ್ತ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು 1947ರಲ್ಲಿ 'ಮೈಸೂರು ಚಲೋ' ಚಳವಳಿಯ ಮುಂದಾಳಾಗಿ, ಅದೇ ವರ್ಷ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಆ ಚಳವಳಿ ಕೇಳಿದ್ದು 'ಜವಾಬ್ದಾರಿ ಸರ್ಕಾರ'ವನ್ನು. ಆ ಮಾತಿನ ಅರ್ಥ ಸರಳ: ಅಧಿಕಾರ ಯಾರ ಕೈಯಲ್ಲಿದೆಯೋ ಉತ್ತರ ಹೇಳುವ ಹೊಣೆಯೂ ಅವರದೇ. ಕಾರು ತಯಾರಿಸುವ ಅಧಿಕಾರ ಉಳ್ಳವರಿಗೂ, ಅದಕ್ಕೆ ಅನುಮತಿ ಕೊಡುವವರಿಗೂ ಈ ಮಾತು ಅನ್ವಯಿಸಬೇಡವೇ?

ಕಾನೂನು ತಿದ್ದುವವರೆಗೆ ನೀವು ಮಾಡಬಹುದಾದದ್ದು ಇಷ್ಟು. ಹಳೆಯ ಕಾರು ಕೊಳ್ಳುವ ಮೊದಲು ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆಯ 17 ಅಕ್ಷರಗಳನ್ನು ಬರೆದುಕೊಳ್ಳಿ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರುವುದಿಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ ಎಂದು ತಿಳಿಯಿರಿ. ಅನೇಕ ಕಂಪನಿಗಳ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಬಾಕಿ ರೀಕಾಲ್ ತಿಳಿಯುತ್ತದೆ. ಇಲ್ಲದಿದ್ದರೆ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಕೇಳಿ. ಕೊಂಡ ಮೇಲೆ ನಿಮ್ಮ ಹೆಸರು, ಮೊಬೈಲ್ ಸಂಖ್ಯೆಯನ್ನು ಅಲ್ಲಿಯೇ ಬರೆಸಿ. ಆರ್.ಸಿ. ವರ್ಗಾವಣೆಯನ್ನು ಮೂವತ್ತು ದಿನದೊಳಗೆ ಮಾಡಿಸಿ. ಮಾರುವವರೂ ಇದನ್ನು ಹಗುರವಾಗಿ ಕಾಣಬೇಡಿ. ದಾಖಲೆಯಲ್ಲಿ ಹೆಸರು ಉಳಿದಿದ್ದರೆ ಅಪಘಾತದ ಪರಿಹಾರಕ್ಕೆ ಹೊಣೆ ಅವರೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ದೋಷ ಕಂಡರೆ ಹಣೆಬರಹ ಎನ್ನದೆ ವಾಹನ್ ತಾಣದಲ್ಲಿ ದೂರು ದಾಖಲಿಸಿ. 1,250ರಲ್ಲಿ ನಿಮ್ಮದೂ ಒಂದು.

ಶಿಷ್ಯರಲ್ಲಿ ಕೆಲವರು ಬೆಂಗಳೂರಿನ ವಾಹನ ಕಂಪನಿಗಳಲ್ಲಿ ಇಂಜಿನಿಯರುಗಳಾಗಿದ್ದೀರಿ, ಒಬ್ಬಿಬ್ಬರು ಸಾರಿಗೆ ಇಲಾಖೆಯಲ್ಲೂ ಇದ್ದೀರಿ. ನಿಮ್ಮ ಮೇಷ್ಟ್ರು ಹೇಳಿದ್ದರಲ್ಲಿ ಲೆಕ್ಕ ತಪ್ಪಿದೆ ಎನಿಸಿದರೆ ಸಂಕೋಚವಿಲ್ಲದೆ ಬರೆಯಿರಿ, ಉತ್ತರಿಸುತ್ತೇನೆ. ಸರಿ ಎನಿಸಿದರೆ ಮೆಚ್ಚುಗೆ ಬೇಡ. ನೀವು ಕುಳಿತಿರುವ ಮೇಜಿನಿಂದಲೇ ಏನಾದರೂ ಮಾಡಿ.

ಇಂತಿ ನಿಮ್ಮ ಮೇಷ್ಟ್ರು
ಕ್ಯಾಸಂಬಳ್ಳಿ